ಗೌಡ್ರ ಬಿಸ್ಕತ್ ಫ್ಯಾಕ್ಟರಿ

ಕಂಪ್ಯೂಟರ್ ಸೆಂಟರ್ ನಡೆಸುವವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ ಎಂದು ಈಗ ನಗುತ್ತೇನೆ. ಆಗ ಮಾತ್ರ ನಗು ಬಂದಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮೂಡಿಗೆರೆ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮಹಡಿಯ ಮೇಲೆ ನಾನು ನಾಲ್ಕು ಕಂಪ್ಯೂಟರ್ ಇಟ್ಟುಕೊಂಡಿದ್ದೆ. ಟೈಪಿಂಗು, ಇಮೇಲು, ಜಾತಕದ ಪ್ರಿಂಟು, ಬಂದದ್ದೆಲ್ಲ ಮಾಡುತ್ತಿದ್ದೆ.

೧. ಪಾರ್ಟ್ನರ್ ಯಾರು?

ಕಾಫಿ ತೋಟದ ಗೌಡರೊಬ್ಬರು ಪತ್ರ ಟೈಪ್ ಮಾಡಿಸಲು ಬಂದಿದ್ದರು. ಬೆಳಿಗ್ಗೆಯಿಂದ ಕರೆಂಟು ಬಂದು ಹೋಗಿ ಮಾಡಿ ಕೆಲಸ ರಾಶಿ ಬಿದ್ದಿತ್ತು, ಅವರದ್ದು ತಡವಾಯಿತು. ಸುಮ್ಮನೆ ಕೂತು ಬೇಜಾರಾಗಬಾರದೆಂದು ಪಕ್ಕದ ಕಂಪ್ಯೂಟರಿನಲ್ಲಿ ಒಂದು ಗೇಮ್ ಹಾಕಿಕೊಟ್ಟೆ. ಬಿಸ್ಕತ್ ಫ್ಯಾಕ್ಟರಿ ಕಟ್ಟುವ ಆಟ. ಹಿಟ್ಟು ಕಲಸುವ ಮಿಷನ್, ಬೇಯಿಸುವ ಒಲೆ, ಪ್ಯಾಕಿಂಗ್ ಎಲ್ಲ ನಾವೇ ಜೋಡಿಸಬೇಕು. ಹಿಟ್ಟು ಬೇಗ ಕಲಸಿ ಮುಗಿಯುತ್ತದೆ, ಒಲೆ ನಿಧಾನ. ಇನ್ನೊಂದು ಒಲೆ ಹಾಕಿದರೆ ಪ್ಯಾಕಿಂಗಿನಲ್ಲಿ ರಾಶಿ ಬೀಳುತ್ತದೆ. ಯಾರೂ, ಯಾವುದೂ ಸುಮ್ಮನೆ ಕಾಯುತ್ತ ನಿಲ್ಲದಂತೆ ನೋಡಿಕೊಳ್ಳುವುದೇ ಆಟ.

ಪತ್ರ ರೆಡಿಯಾಯಿತು. ಗೌಡರು ಏಳಲಿಲ್ಲ. ಅವರ ಮೊಬೈಲು ಹೊಡೆದುಕೊಂಡಿತು. ಆ ಕಡೆ ಹೆಂಡತಿ. ಆ ದನಿ ನನಗೂ ಕೇಳುವಷ್ಟು ಜೋರು.

“ಎಲ್ಲಿದ್ದೀರಿ?”

“ಫ್ಯಾಕ್ಟರಿಲಿ.”

“ಯಾವ ಫ್ಯಾಕ್ಟರಿ?”

“ನಮ್ದೇ ಮಾರಾಯ್ತಿ. ಆಮೇಲೆ ಮಾತಾಡ್ತೀನಿ, ಇನ್ನೊಂದು ಒಲೆ ಹಾಕಿಸ್ಬೇಕು.” ಫೋನ್ ಇಟ್ಟೇಬಿಟ್ಟರು.

ಕೆಳಗೆ ನಿಂತಿದ್ದ ಗೌಡರ ಜೀಪಿನ ಗುರುತು ಹಿಡಿದರೋ ಏನೋ, ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ದಡದಡ ಸದ್ದು. ಮುಂದೆ ಅಮ್ಮಾವ್ರು, ಹಿಂದೆ ಅವರ ತಮ್ಮ. ಅವರು ವಕೀಲರು, ಕರಿ ಕೋಟಿನಲ್ಲೇ ಬಂದಿದ್ದರು.

“ತೋಟ ಮಾರಿದ್ರಾ?” ಅಮ್ಮಾವ್ರು ಬಾಗಿಲಲ್ಲೇ ಕೇಳಿದರು.

“ಭಾವ, ಮೊದ್ಲು ಹೇಳಿ, ಪಾರ್ಟ್ನರ್ ಯಾರು?” ಎಂದರು ವಕೀಲರು.

ಗೌಡರು ಪರದೆಯಿಂದ ಕಣ್ಣು ಕೀಳದೆ ನನ್ನ ಕಡೆ ಬೆರಳು ತೋರಿಸಿದರು. “ಇವ್ರೇ ಹಾಕ್ಕೊಟ್ಟಿದ್ದು.”

ಇಬ್ಬರೂ ನನ್ನತ್ತ ತಿರುಗಿದರು. ನಾನು ಮಾನಿಟರನ್ನೇ ಅವರ ಕಡೆ ತಿರುಗಿಸಿಬಿಟ್ಟೆ. ಅಮ್ಮಾವ್ರು ಬಗ್ಗಿ ನೋಡಿದರು. ಪುಟ್ಟಪುಟ್ಟ ಕೆಲಸಗಾರರು ಅತ್ತಿಂದಿತ್ತ ಓಡಾಡುತ್ತಿದ್ದರು. ಬಹಳ ಹೊತ್ತು ನೋಡಿ ಹೇಳಿದರು:

“ಇಷ್ಟು ಜನ ಆಳು ಇಟ್ಕೊಂಡು ಒಬ್ರಿಗೂ ಒಂದು ಲೋಟ ಕಾಫಿ ಕೊಟ್ಟಿಲ್ವಲ್ರೀ!”

೨. ಅರ್ಧ ಬೆಂದದ್ದು

ಆಮೇಲೆ ಗೌಡರು ಸಂತೆಯ ದಿನ ತಪ್ಪದೆ ಬರತೊಡಗಿದರು. ಅಂಥ ಒಂದು ದಿನ ಪಕ್ಕದ ಕಂಪ್ಯೂಟರಿನಲ್ಲಿ ಭಟ್ಟರೊಬ್ಬರು ಜಾತಕ ಮಾಡಿಸುತ್ತಿದ್ದರು. ಹೆಣ್ಣಿನ ಕಡೆಯವರು ಕೆಳಗೆ ಜೀಪಿನಲ್ಲಿ ಕಾಯುತ್ತಿದ್ದರು. ರಾಹುಕಾಲಕ್ಕೆ ಮುಂಚೆ ಅವರು ಜಾತಕ ಹಿಡಿದು ಹೊರಡಬೇಕಿತ್ತು.

ಕರೆಂಟು ಹೋಯಿತು. ಯುಪಿಎಸ್ ಕೀಂ ಕೀಂ ಎನ್ನತೊಡಗಿತು. ಅದು ಎರಡು ಕಂಪ್ಯೂಟರನ್ನು ಹೆಚ್ಚು ಹೊತ್ತು ಎಳೆಯುತ್ತಿರಲಿಲ್ಲ. ಒಂದನ್ನು ಆಫ್ ಮಾಡಲೇಬೇಕಿತ್ತು.

“ಗೌಡ್ರೇ, ನಿಮ್ದು ಆಟ. ಆಫ್ ಮಾಡಿ” ಎಂದರು ಭಟ್ಟರು.

“ಆಟನಾ? ಒಲೆ ತುಂಬ ಬಿಸ್ಕತ್ ಇದೆ ಮಾರಾಯ್ರೇ. ಬೇಯೋಕೆ ಇನ್ನು ಸ್ವಲ್ಪ ಹೊತ್ತು.”

“ಅರ್ಧ ಬೆಂದಿದ್ದೇ ತೆಗೀರಿ!”

“ನೀವೂ ಅರ್ಧ ಜಾತಕ ಕೊಟ್ಟು ಕಳ್ಸಿ!”

ಕೆಳಗಿನಿಂದ ಜೀಪು ಹಾರ್ನ್ ಹೊಡೆಯಿತು. ಯುಪಿಎಸ್ಸಿನ ಕೂಗು ಇನ್ನೂ ಜೋರಾಯಿತು. ಇಬ್ಬರೂ ನನ್ನ ಮುಖ ನೋಡಿದರು. ಇಬ್ಬರೂ ಖಾಯಂ ಗಿರಾಕಿಗಳು. ಯಾರ ಪರ ಮಾತಾಡಲಿ? ಕೊನೆಗೆ ಗೌಡರೇ ಕಣ್ಣು ಮುಚ್ಚಿಕೊಂಡು, “ಒಂದು ಹುಡ್ಗಿ ಮದ್ವೆ ವಿಷ್ಯ, ಹೋಗ್ಲಿ ಬಿಡಿ” ಎಂದು ಗುಂಡಿ ಒತ್ತಿ ಆರಿಸಿದರು. ಭಟ್ಟರ ಕಣ್ಣಲ್ಲಿ ನೀರೇ ಬಂತು. ಅವರು ಗೌಡರ ಕೈ ಹಿಡಿದುಕೊಂಡರು. ನಾನು ಪ್ರಿಂಟ್ ಕೊಟ್ಟೆ.

ಏನೂ ಬರಲಿಲ್ಲ. ಆಗ ನೆನಪಾಯಿತು, ಪ್ರಿಂಟರಿಗೆ ಯುಪಿಎಸ್ ಇರಲೇ ಇಲ್ಲ.

೩. ಕೊಯ್ಲು

ಡಿಸೆಂಬರ್ ಬಂತು. ಗೌಡರು ಮನೆಗೇ ಒಂದು ಕಂಪ್ಯೂಟರ್ ತರಿಸಿದರು. ಅದನ್ನು ಜೋಡಿಸಿಕೊಡಲು ನಾನು ಜೀಪಿನಲ್ಲಿ ತೋಟಕ್ಕೆ ಹೋದೆ.

ತೋಟದ ಲೆಕ್ಕಪತ್ರ ನೋಡುವ ರೈಟರು ಅಂಗಳದಲ್ಲೇ ನನ್ನನ್ನು ತಡೆದರು. “ಮೇಡಂ, ನಮ್ಮ ಗೌಡ್ರಿಗೆ ಏನು ಕಲ್ಸಿದ್ರಿ? ಹಣ್ಣು ಬರೋವರೆಗೂ ಪಲ್ಪರ್ ಸುಮ್ನೆ ನಿಂತಿರುತ್ತೆ, ಅದು ಕಾಯ್ಬಾರ್ದು ಅಂತ ಪಕ್ಕದೂರಿಂದ ಇನ್ನಷ್ಟು ಆಳು ಕರೆಸಿದಾರೆ!”

ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್. ಕೊಯ್ದ ಹಣ್ಣನ್ನು ಅವತ್ತೇ ಅದಕ್ಕೆ ಹಾಕಬೇಕು. ರಾಶಿ ಬಿದ್ದರೆ ಕಾವು ಏರಿ ಹುಳಿಯುತ್ತದೆ, ವರ್ಷದ ದುಡಿಮೆ ಹಾಳು.

ಮಧ್ಯಾಹ್ನದ ಹೊತ್ತಿಗೆ ಮೂಟೆಗಳು ಬರತೊಡಗಿದವು. ಒಂದರ ಹಿಂದೆ ಒಂದು, ನಿಲ್ಲಲೇ ಇಲ್ಲ. ಗೌಡರ ಮುಖ ಅರಳಿತು. ಅಷ್ಟರಲ್ಲಿ ಪಟ್ ಅಂತ ಸದ್ದು. ಪಲ್ಪರಿನ ಬೆಲ್ಟ್ ಹರಿದು ಗೋಡೆಗೆ ಬಡಿಯಿತು. ಬೇರೆ ಬೆಲ್ಟ್ ಚಿಕ್ಕಮಗಳೂರಿಂದ ಬರಬೇಕು.

ಮೂಟೆಗಳು ಬರುತ್ತಲೇ ಇದ್ದವು. ರಾಶಿ ನನ್ನ ಸೊಂಟದೆತ್ತರ ಆಯಿತು. ಕೈಯಿಟ್ಟರೆ ಬಿಸಿ ಹತ್ತುತ್ತಿತ್ತು. ತೂಕಕ್ಕೆ ನಿಂತ ಆಳುಗಳೆಲ್ಲ ಗೌಡರ ಬಾಯಿ ನೋಡುತ್ತಿದ್ದರು. ಗೌಡರು ಕದಲಲಿಲ್ಲ. ಬೆವರು ಇಳಿಯುತ್ತಿತ್ತು, ಬಲಗೈ ಬೆರಳು ಮಾತ್ರ ಗಾಳಿಯಲ್ಲಿ ಟಕ್ ಟಕ್ ಅಂತ ಏನನ್ನೋ ಒತ್ತುತ್ತಿತ್ತು.

ಅಮ್ಮಾವ್ರು ಸೆರಗು ಸಿಕ್ಕಿಸಿಕೊಂಡು ಕಣಕ್ಕಿಳಿದರು.

“ಕೊಯ್ಯೋದು ನಿಲ್ಸಿ. ಎಲ್ರೂ ಬನ್ನಿ. ಪಲ್ಪರ್ ಬೇಡ, ಹಣ್ಣನ್ನೇ ಕಣದಲ್ಲಿ ತೆಳ್ಳಗೆ ಹರಡಿ ಒಣಗ್ಸೋಣ. ರೇಟು ಸ್ವಲ್ಪ ಕಮ್ಮಿ ಸಿಗುತ್ತೆ, ಸಿಗ್ಲಿ. ಏನಮ್ಮ ಕಂಪ್ಯೂಟರ್, ನೀನೂ ಒಂದು ಬುಟ್ಟಿ ತಗೋ!”

ರೈಟರು, ಕೊಯ್ಲು ನೋಡಲು ಬಂದಿದ್ದ ವಕೀಲರು, ಆಳುಗಳು, ನಾನು, ಎಲ್ಲರೂ ಬುಟ್ಟಿ ಹೊತ್ತೆವು. ಹೊತ್ತು ಮುಳುಗುವಷ್ಟರಲ್ಲಿ ರಾಶಿ ಕರಗಿ ಕಣವೆಲ್ಲ ಕೆಂಪಾಯಿತು. ಒಂದು ಹಣ್ಣೂ ಹಾಳಾಗಲಿಲ್ಲ. ಎಲ್ಲರ ಕೈಗೂ ಕಾಫಿ ಬಂತು. ಗೌಡರಿಗೂ ಜೀವ ಬಂತು.

“ನೋಡಿದ್ರಾ ಮೇಡಂ?” ಎಂದರು ಮೀಸೆ ಒರೆಸಿಕೊಂಡು. “ಪ್ರೊಡಕ್ಷನ್ ಅಂದ್ರೆ ಹೀಗಿರ್ಬೇಕು. ಬರೀ ಒಂದು ಮಿಷನ್ ನಿಂತಿತ್ತು, ಅಷ್ಟೇ.”

“ಎರಡು,” ಎಂದರು ಅಮ್ಮಾವ್ರು, ಖಾಲಿ ಲೋಟ ಎತ್ತಿಕೊಳ್ಳುತ್ತ. “ಪಲ್ಪರಿಗೇನೋ ನಾಳೆ ಬೆಲ್ಟ್ ಬರುತ್ತೆ.”