ಬಿಲ್ಲಪ್ಪ ಕುರ್ಚಿ ಕೇಳಿದ್ದು

ಬೆಳಿಗ್ಗೆ ಒಂಬತ್ತೂವರೆಗೆ ಬಿಲ್ಲಪ್ಪ ಕೂತದ್ದೇ ತಡ, ಕುರ್ಚಿಯ ಬೆನ್ನು ಕಳಚಿ ನೆಲಕ್ಕೆ ಬಿತ್ತು. ಬೀಗದ ಕಂಪನಿಯಲ್ಲಿ ಹನ್ನೊಂದು ವರ್ಷ ಬಿಲ್ಲು ಬರೆದು ಬರೆದು ಬಿಲ್ಲಿನಂತೆಯೇ ಬಾಗಿಹೋದದ್ದಕ್ಕೆ ಜೊತೆಯವರು ಇಟ್ಟ ಹೆಸರದು. ಸೊಂಟ ಹಿಡಿದುಕೊಂಡು ಮೂರು ತಿಂಗಳಾಗಿತ್ತು. "ಇವತ್ತು ಹೊಸ ಕುರ್ಚಿ ಕೇಳದೆ ಬಂದ್ರೆ, ಎಣ್ಣೆ ತಿಕ್ಕೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದು ಹೆಂಡತಿ ಬೇರೆ ಹೇಳಿ ಕಳಿಸಿದ್ದಳು.

ಮ್ಯಾನೇಜರ ಮುಂದೆ ಕೈಕಟ್ಟಿ ನಿಂತು, "ಸರ್, ನಂಗೆ ಕುರ್ಚಿ ಬೇಕಿತ್ತು" ಎಂದ.

ಮ್ಯಾನೇಜರು ಕೂತ ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಯಾರ ಕುರ್ಚಿ?"

"ಕೂರೋ ಕುರ್ಚಿ ಸರ್. ನಂದು ಮುರಿದುಹೋಯ್ತು."

ಅವರಿಗೆ ಹೋದ ಜೀವ ಬಂತು. "ಕುರ್ಚಿಗಿರ್ಚಿ ಎಲ್ಲಾ ಹಳೇ ಕಾಲದ್ದು ಕಣ್ರೀ. ಈಗ ನಾವು ಸಂಬಳದ ಜೊತೆ ಸೌಖ್ಯ ಕೊಡ್ತೀವಿ. ಸೌಖ್ಯ ವಿಭಾಗಕ್ಕೆ ಹೋಗಿ."

ಸೌಖ್ಯ ವಿಭಾಗದ ಮೇಡಂ ಪಟ್ಟಿ ಓದಿದರು. "ನಗೆ ತರಗತಿ ಇದೆ, ಧ್ಯಾನ ಇದೆ, ನಿಮ್ಮ ನಾಯಿಗೆ ಹುಷಾರಿಲ್ದಿದ್ರೆ ರಜೆ ಇದೆ."

"ನಾಯಿ ಇಲ್ಲ ಮೇಡಂ. ಕುರ್ಚಿ..."

"ಅದು ಪಟ್ಟಿಯಲ್ಲಿಲ್ವಲ್ಲ! ಮೊದ್ಲು ಹೋಗಿ ನಗಿ."

ನಗೆ ತರಗತಿಯಲ್ಲಿ ಮೇಷ್ಟ್ರು, "ಬಗ್ಗಿ ಬಗ್ಗಿ ನಗಿ!" ಎಂದರು. ಬಿಲ್ಲಪ್ಪ ಬಗ್ಗಿದ. ಬಗ್ಗಿದವನು ಮೇಲೇಳಲಿಲ್ಲ. "ನೋಡ್ರೋ, ಬಿಲ್ಲಿಗೆ ಹೆದೆ ಏರಿಸ್ಬಿಟ್ರು!" ಎಂದು ಕ್ಯಾಷಿಯರು ಕೂಗಿದ. ತರಗತಿ ಶುರುವಾದಾಗಿನಿಂದ ಯಾರಾದರೂ ನಿಜವಾಗಿ ನಕ್ಕಿದ್ದು ಅದೇ ಮೊದಲು.

ಕ್ಯಾಷಿಯರು, ಟೈಪಿಸ್ಟ್ ಅಕ್ಕ ಇಬ್ಬರೂ ಅವನನ್ನು ಹಿಡಿದು ಕಂಪನಿ ಡಾಕ್ಟರ ಬಳಿಗೆ ನಡೆಸಿದರು. ದಾರಿಯುದ್ದಕ್ಕೂ ಪುಕ್ಕಟೆ ಸಲಹೆ.

"ಬರೀ ನೋವು ಅಂದ್ರೆ ಮುಲಾಮು ಕೊಟ್ಟು ಕಳಿಸ್ತಾರೆ ಕಣಯ್ಯ" ಎಂದ ಕ್ಯಾಷಿಯರು. "ಕೂತು ಕೂತೇ ಬಂದ ನೋವು ಅಂತ ಬರೆಸ್ಕೋ. ಆಮೇಲೆ ಕುರ್ಚಿ ಕೊಡದೆ ಎಲ್ಲಿಗೆ ಹೋಗ್ತಾರೆ?"

"ನಮ್ಮ ರೂಮಿನವರ ಹೆಸರೆಲ್ಲಾ ಸೇರಿಸ್ಬಿಡಪ್ಪ, ಎಂಟು ಜನಕ್ಕೂ ಹೊಸದು ಬರ್ಲಿ" ಎಂದಳು ಅಕ್ಕ.

ಡಾಕ್ಟರು ಪೀಡೆ ತೊಲಗಿದರೆ ಸಾಕೆಂದು ಹೇಳಿದ್ದನ್ನೆಲ್ಲ ಬರೆದು ಮೊಹರು ಒತ್ತಿದರು.

ಚೀಟಿ ಓದಿದ ಮ್ಯಾನೇಜರ ಮುಖ ಸಣ್ಣದಾಯಿತು. "ಛೆ, ಎಂಟು ಜನ! ಇಷ್ಟು ವರ್ಷ ಹೇಗ್ರೀ ಸಹಿಸ್ಕೊಂಡ್ರಿ? ನಾಳೆವರೆಗೂ ಕಾಯೋದೇ ಬೇಡ" ಎಂದು ಅಲ್ಲೇ ಫೋನೆತ್ತಿದರು. ಬಿಲ್ಲಪ್ಪನ ಕಣ್ಣು ತುಂಬಿ ಬಂತು.

ಅರ್ಧ ಗಂಟೆಯಲ್ಲಿ ಇಬ್ಬರು ಹಮಾಲರು ಕೈಗಾಡಿ ತಂದು ಎಂಟೂ ಹಳೇ ಕುರ್ಚಿಗಳನ್ನು ಹೇರಿಕೊಂಡು ಹೋದರು. ಕ್ಯಾಷಿಯರು ಉತ್ಸಾಹದಿಂದ ಜಾಗ ಗುಡಿಸಿದ. ಹಿಂದೆಯೇ ಬಂದ ಸೌಖ್ಯದ ಮೇಡಂ ಗೋಡೆಗೊಂದು ನೋಟೀಸು ಅಂಟಿಸಿ, "ಅಭಿನಂದನೆಗಳು!" ಎಂದು ಹೊರಟುಹೋದರು. ಕ್ಯಾಷಿಯರು ಗಟ್ಟಿಯಾಗಿ ಓದಿದ:

"ಕುಳಿತು ಕೆಲಸ ಮಾಡುವುದರಿಂದ ಬೆನ್ನು ಕೆಡುತ್ತಿದೆ ಎಂದು ವೈದ್ಯರು ದೃಢಪಡಿಸಿದ್ದಾರೆ. ಇಂದಿನಿಂದ ಈ ಕೋಣೆಯಲ್ಲಿ ನಿಂತೇ ಕೆಲಸ. ಈ ವರ್ಷದ ಸಂಬಳ ಏರಿಕೆಯ ಬದಲಿಗೆ ಈ ಸೌಲಭ್ಯ ಕೊಡಲಾಗಿದೆ. ಬೇಡಿಕೆ ಸಲ್ಲಿಸಿದವರು: ಬಿಲ್ಲು ಗುಮಾಸ್ತರು."

ಏಳು ಮುಖಗಳು ಒಟ್ಟಿಗೆ ತಿರುಗಿದವು. ಕ್ಯಾಷಿಯರು ಪೊರಕೆಯನ್ನಿನ್ನೂ ಕೆಳಗಿಟ್ಟಿರಲಿಲ್ಲ.

ಟೈಪಿಸ್ಟ್ ಅಕ್ಕ ಒಬ್ಬಳೇ ಮೆಲ್ಲಗೆ ಹೇಳಿದಳು: "ನೀನ್ ಮಾತ್ರ ನಿಲ್ಬೇಡ ಕಣೋ. ಓಡು."