ತಾತನ ಕಾರಿಗೆ ಹೊಸ ಕಣ್ಣು

ಹಳೇ ಕಾರು ಇಟ್ಟುಕೊಂಡವನ ಎದೆ ಆಗಾಗ ನಿಂತು ಮತ್ತೆ ಸ್ಟಾರ್ಟ್ ಆಗುತ್ತಲೇ ಇರುತ್ತದೆ. ಈ ಮಾವಿನ ಕಾಲದಲ್ಲಿ ನನ್ನದು ನಾಲ್ಕು ಸಲ ನಿಂತಿತು. ಯಲ್ದೂರಿನ ಸುತ್ತಮುತ್ತ ನನ್ನ ಹಾಗೆ ಸ್ಟೇರಿಂಗ್ ಹಿಡಿಯುವವನು ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ.

ತಾತ ಬಿಟ್ಟುಹೋದ ಬಿಳಿ ಅಂಬಾಸಡರ್ ನನ್ನದು. ಮಾಲೂರಿಗೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಅಪ್ಪ, "ರಾತ್ರಿ ಹೊತ್ತು ನೋವು ಬಂದ್ರೆ? ಬಾಡಿಗೆ ಗಾಡಿಗೆ ಹೇಳಿಟ್ಟಿರೋಣ" ಅಂದರು. ನಾನು ಎಲ್ಲರೆದುರಿಗೆ ಎದೆ ತಟ್ಟಿದೆ. "ನಾನಿರುವಾಗ ಬಾಡಿಗೆ ಗಾಡಿಯಾ? ಎಷ್ಟೊತ್ತಿಗಾದ್ರೂ ಸರಿ, ಅಕ್ಕನ್ನ ನಾನೇ ಕರ್ಕೊಂಡ್ ಹೋಗ್ತೀನಿ."

ತಟ್ಟಿದ ಮೇಲೆ ನೆನಪಾಯಿತು, ಆ ಕಾರನ್ನು ನಾನು ಕತ್ತಲಲ್ಲಿ ಒಂದು ದಿನವೂ ಓಡಿಸಿರಲಿಲ್ಲ.

೧. ಮೊದಲ ಪರೀಕ್ಷೆ

ಅವತ್ತೇ ಕತ್ತಲಾದ ಮೇಲೆ ಶ್ರೀನಿವಾಸಪುರದ ರಸ್ತೆಗೆ ಇಳಿದೆ. ಲೈಟು ಹಾಕಿದರೆ ಬೆಳಕು ಬಾನೆಟ್ ದಾಟಿ ಹೋಗಲು ಮನಸ್ಸು ಮಾಡಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ನರಳುತ್ತಿರುವ ಹಾಗೆ ಊಹಿಸಿಕೊಂಡೆ. ಅಷ್ಟರಲ್ಲಿ ಎದುರಿಗೇ ಕರ್ರಗೆ ಗುಡ್ಡದಂಥದ್ದೇನೋ ನಿಂತಿದೆ! ಎರಡೂ ಕಾಲಲ್ಲಿ ಬ್ರೇಕ್ ಒತ್ತಿದೆ. ಎಮ್ಮೆ. ಅದರ ಉಸಿರು ಬಂಪರಿಗೆ ತಾಗುವಷ್ಟು ಹತ್ತಿರ.

ಎಮ್ಮೆಯ ಯಜಮಾನ ಬೈದ. "ಏನ್ಲಾ, ಲೈಟ್ ಹಾಕ್ಕೊಂಡು ಬರೋಕೆ ಏನು ರೋಗ?"

"ಹಾಕಿದೀನಲ್ಲ, ಕಾಣಲ್ವಾ?"

ಅವನು ಬಗ್ಗಿ ಎರಡೂ ದೀಪ ನೋಡಿದ. "ಓ, ಇವಾ? ದೂರದಲ್ಲಿ ಯಾರೋ ಇಬ್ರು ಬೀಡಿ ಸೇದ್ಕೊಂಡು ಬರ್ತಾವ್ರೆ ಅಂದ್ಕೊಂಡೆ ಕಣೋ."

೨. ದೊಡ್ಡ ಬಲ್ಬು

ದೀಪ ಸಣ್ಣದಾದರೆ ದೊಡ್ಡ ಬಲ್ಬು ಹಾಕಿದರಾಯಿತು, ಇದಕ್ಕೆ ಮೆಕ್ಯಾನಿಕ್ ಯಾಕೆ? ಅಂಗಡಿಯಲ್ಲಿದ್ದ ಅತಿ ದೊಡ್ಡ ಬಲ್ಬು ತಂದು ಮನೆ ಮುಂದೆ ನಾನೇ ಕೂರಿಸಿದೆ. ಸ್ವಿಚ್ ಎಳೆದೆ. ಹಗಲಾಯಿತು! ಬುಟ್ಟಿಯ ಕೆಳಗಿದ್ದ ಹುಂಜ ಎದ್ದು ಕೂಗಿತು. "ನೋಡಿ, ನೋಡಿ" ಅಂತ ನಾನು ಬೀದಿಯನ್ನೆಲ್ಲ ಕರೆದೆ.

ಬೀದಿ ಬಂದು ಸೇರುವ ಹೊತ್ತಿಗೆ ಸ್ಟೇರಿಂಗ್ ಹಿಂದಿನಿಂದ ಹೊಗೆ ಬಂತು. ತಾತನ ಕಾಲದ ವೈರು ಅಷ್ಟು ಕರೆಂಟು ತಡೆಯದೆ ಸುಡುತ್ತಿತ್ತು. ಆಮೇಲೆ ಏನಾಯಿತೋ ನನಗೆ ಸರಿಯಾಗಿ ಗೊತ್ತಿಲ್ಲ, ನೋಡುತ್ತೇನೆ, ನಾನು ಪಕ್ಕದ ತೋಟದ ಬೇಲಿಯಾಚೆ ಇದ್ದೇನೆ. ತುಂಬು ಬಸುರಿ ಅಕ್ಕ ಸೊಂಟಕ್ಕೆ ಕೈಕೊಟ್ಟುಕೊಂಡು ನಿಧಾನವಾಗಿ ಬಂದು, ಬಾನೆಟ್ ಎತ್ತಿಸಿ, ಬ್ಯಾಟರಿ ವೈರು ಕಿತ್ತಳು.

"ಈಚೆ ಬಾರೋ" ಅಂದಳು. "ಹೆರಿಗೆ ನಂದು, ನೋವು ನಿಂಗೆ ಬಂದಂಗಿದೆ."

೩. ಮುಳಬಾಗಿಲಿನ ಬೆಳಕು

ಸುಟ್ಟ ವೈರಿನ ಸಮೇತ ಮುಳಬಾಗಿಲಿನ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಸ್ವಿಚ್ ಮೂಸಿ ನೋಡಿ, "ಏಂ ಬಾಬು, ಇದು ಸ್ವಿಚ್ಚಾ, ಒಲೆಯಾ?" ಅಂದರು. ರಿಲೇ ಅನ್ನುವ ಪುಟ್ಟ ಡಬ್ಬಿ ಹಾಕಿ, ಬ್ಯಾಟರಿಯಿಂದ ದೀಪಕ್ಕೆ ನೇರ ದಪ್ಪ ವೈರು ಎಳೆದರು. ಇನ್ನು ಕರೆಂಟು ಹೊರುವ ಕೆಲಸ ಸ್ವಿಚ್ಚಿಗಿಲ್ಲ, ಅಪ್ಪಣೆ ಕೊಟ್ಟರೆ ಸಾಕು.

ವಾಪಸು ಬರುವಾಗ ಕತ್ತಲಾಗಿತ್ತು. ಬೆಳಕು ಎಂಥ ಬೆಳಕು! ಮೊದಲ ತಿರುವಿನಲ್ಲಿ ರಸ್ತೆ ದಾಟುತ್ತಿದ್ದ ಹಾವು ಕಂಡಿತು. ಎರಡನೇ ತಿರುವಿನಲ್ಲಿ ತಡೆಗೋಡೆ ಬಿದ್ದುಹೋದ ಮೋರಿ. ಮೂರನೆಯದರಲ್ಲಿ, ರಸ್ತೆಗೆ ಒಂದೇ ಗಜ ದೂರದಲ್ಲಿ, ಬಾಯಿ ತೆರೆದ ಬಾವಿ. ಹುಟ್ಟಿದಾಗಿನಿಂದ ಇದೇ ದಾರಿಯಲ್ಲಿ ಬೈಕು ಹಾರಿಸಿದ್ದೇನೆ, ಆ ಬಾವಿ ಎಲ್ಲಿತ್ತು? ತಕ್ಷಣ ದೊಡ್ಡ ಲೈಟು ಆರಿಸಿದೆ. ಉಳಿದ ದಾರಿಯನ್ನು ಪಾರ್ಕಿಂಗ್ ಲೈಟಿನಲ್ಲಿ, ಏನೂ ಕಾಣದೆ, ನೆಮ್ಮದಿಯಾಗಿ ಮುಗಿಸಿದೆ.

ಮಾರನೇ ದಿನ ಫೋನ್ ಮಾಡಿದೆ. "ಅಣ್ಣಾ, ಸ್ವಲ್ಪ ಕಮ್ಮಿ ಮಾಡಿಕೊಡ್ತೀರಾ?"

"ಯಾಕೆ, ಬೆಳಕು ಜಾಸ್ತಿ ಆಯ್ತಾ?"

"ಬೆಳಕಲ್ಲ ಅಣ್ಣಾ, ಬಾವಿ ಜಾಸ್ತಿ ಆಯ್ತು."

೪. ಆ ರಾತ್ರಿ

ನೋವು ಬಂದದ್ದು ಸರಿರಾತ್ರಿಯಲ್ಲೇ. ಹಿಂದೆ ಅಕ್ಕ, ಅಮ್ಮ, ಅಜ್ಜಿ. ಮುಂದೆ ನನ್ನ ಪಕ್ಕ ಅಪ್ಪ. ಡಿಕ್ಕಿಯಲ್ಲಿ ರಾಗಿಹಿಟ್ಟಿನ ಮೂಟೆ, ನೀರು ಕಾಯಿಸುವ ತಾಮ್ರದ ಹಂಡೆ, ಮೂವರು ಸೇರಿ ಎತ್ತಿಟ್ಟ ರುಬ್ಬುವ ಕಲ್ಲು. "ಬಾಣಂತಿಗೆ ಮಿಕ್ಸಿ ಖಾರ ಆಗಲ್ಲ" ಅನ್ನುವುದು ಅಜ್ಜಿಯ ಕಾನೂನು.

ಊರು ದಾಟಿ ಮುಳಬಾಗಿಲಿನ ದಾರಿಗೆ ಬಂದು ಲೈಟು ಹಾಕಿದೆ. ಮಾವಿನ ಮರಗಳ ತುದಿ ಫಳಫಳ ಹೊಳೆಯಿತು. ಕಾಯಿ ಒಂದೊಂದಾಗಿ ಎಣಿಸಬಹುದು. ರಸ್ತೆ ಮಾತ್ರ ಇಲ್ಲ! ಹಿಂದೆ ಅಕ್ಕ "ಅಮ್ಮಾ" ಅಂತ ಹಲ್ಲು ಕಚ್ಚಿದಳು. ಬಾವಿ ಎಡಕ್ಕೋ ಬಲಕ್ಕೋ ಅನ್ನುವುದೂ ಮರೆತು ಗಾಡಿ ನಿಲ್ಲಿಸಿಬಿಟ್ಟೆ.

ತೋಟದ ಕಾವಲುಗಾರ ದೊಣ್ಣೆ ಹಿಡಿದು ಓಡಿಬಂದ. "ಎವರ್ರಾ ಅದಿ? ಕಾಯಿ ಕದಿಯೋಕೆ ಲೈಟ್ ಬೇರೆ ಬಿಡ್ತೀರಾ?" ಒಳಗೆ ಇಣುಕಿ ಅಕ್ಕನನ್ನು ನೋಡಿದವನೇ ದೊಣ್ಣೆ ಕೆಳಗಿಟ್ಟ. ಗಾಡಿಯನ್ನು ಒಂದು ಸುತ್ತು ಹಾಕಿದ. "ಹಿಂದೆ ಭಾರ ಕೂತು ಮೂತಿ ಮೇಲಕ್ಕೆದ್ದಿದೆ. ಆ ಕಲ್ಲು ಇಳಿಸಿ."

"ಕಲ್ಲು ಇಳಿದ್ರೆ ನಾನೂ ಇಳೀತೀನಿ" ಅಂದರು ಅಜ್ಜಿ.

"ಹಂಗಾದ್ರೆ ಮುಂದಕ್ಕೆ ಭಾರ ಹಾಕಿ" ಅಂತ ಅವನು ಅಪ್ಪನ ಹೊಟ್ಟೆ ನೋಡಿದ. ಅಮ್ಮ ನೋಡಿದರು. ಅಜ್ಜಿಯೂ ನೋಡಿದರು. ಅಪ್ಪ ಬಾಯಿ ತೆರೆಯುವ ಮೊದಲೇ ಅಕ್ಕ ಇನ್ನೊಂದು ಸಲ ಕಿರುಚಿದಳು.

ಅಪ್ಪ ಬಾನೆಟ್ ಹತ್ತಿ ಕೂತರು. ಬೆಳಕು ಮರದಿಂದ ಇಳಿದು ರಸ್ತೆಗೆ ಬಂತು. ಎತ್ತಿನ ಗಾಡಿಯ ವೇಗದಲ್ಲಿ ಹೊರಟೆವು. ಬಾವಿ ಬಂದಾಗ ಅಪ್ಪ ವೆಂಕಟರಮಣನನ್ನು ಕೂಗಿದರು, ಮೋರಿ ಬಂದಾಗ ಯಾರನ್ನೂ ಕೂಗಲಿಲ್ಲ.

ಮಗು ಹುಟ್ಟಿದ್ದು ಬೆಳಗಿನ ಜಾವ, ತಾಯಿ ಮಗಳು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ನಾವು ಆಸ್ಪತ್ರೆ ಬಾಗಿಲಿಗೆ ಬಂದು ನಿಂತಾಗ ಗಾಲಿಕುರ್ಚಿ ತಳ್ಳಿಕೊಂಡು ಓಡಿಬಂದವರಿಗೆ ಮೊದಲು ಕಂಡದ್ದು ಅಪ್ಪ. ಕಣ್ಣು ಮುಚ್ಚಿ, ಬಾನೆಟ್ಟಿಗೆ ಹಲ್ಲಿಯ ಹಾಗೆ ಅಂಟಿಕೊಂಡು, ಗಡಗಡ ನಡುಗುತ್ತಿದ್ದರು. ಇಬ್ಬರು ಸೇರಿ ಒಂದೊಂದೇ ಬೆರಳು ಬಿಡಿಸಿ, ಕುರ್ಚಿಯಲ್ಲಿ ಕೂರಿಸಿ, ಒಳಗೆ ತಳ್ಳಿಕೊಂಡು ಹೋದರು. ಅಕ್ಕ ತಾನೇ ಬಾಗಿಲು ತೆಗೆದು, ಹೊಟ್ಟೆ ಹಿಡಿದು, ಹಿಂದೆಯೇ ನಡೆದಳು.

"ನೀವ್ಯಾರಮ್ಮ, ಪೇಷೆಂಟ್ ಕಡೆಯವರಾ?" ಅಂತ ನರ್ಸಮ್ಮ ಕೇಳಿದರು.

ಅಕ್ಕ ಗೋಡೆ ಹಿಡಿದು ಉಸಿರು ತಗೊಂಡಳು. "ಹೌದು ಸಿಸ್ಟರ್, ಮಗಳು. ಅವರದು ಮುಗಿದ ಮೇಲೆ ನಂದೊಂಚೂರು ನೋಡಿ."