ಜಂಗಮಕೋಟೆಯಲ್ಲಿ ಬಲಕ್ಕೆ ವಾಲಿದ ಕಚೇರಿ

ಜಿಲ್ಲಾ ಸಂಚಾರಿ ಅಹವಾಲು ಕಚೇರಿಯ ಬಸ್ಸು ಸಮತಟ್ಟಾಗಿದೆ. ಖರೀದಿ ಕಡತದ ಹನ್ನೊಂದನೇ ಪುಟದಲ್ಲಿ ಮೂವರು ಅಧಿಕಾರಿಗಳ ಸಹಿಯೊಂದಿಗೆ ಇದು ದಾಖಲಾಗಿದೆ. ಆದ್ದರಿಂದ ಜಂಗಮಕೋಟೆಯಲ್ಲಿ ಅದು ಬಲಕ್ಕೆ ವಾಲಿ ನಿಂತಿದ್ದರೆ ತಪ್ಪು ಜಂಗಮಕೋಟೆಯದು. ಸದರಿ ಕಚೇರಿಯ ದ್ವಿತೀಯ ದರ್ಜೆ ಸಹಾಯಕನಾದ ಫಾಜಿಲ್ ಎಂಬ ನಾನು, ಕಣ್ಣಾರೆ ಕಂಡದ್ದನ್ನೂ ಕಡತದಲ್ಲಿ ಇರುವುದನ್ನೂ ಇಲ್ಲಿ ಬರೆದಿದ್ದೇನೆ. ಎರಡೂ ತಾಳೆಯಾಗದ ಕಡೆ ಕಡತವನ್ನೇ ನಂಬಬೇಕಾಗಿ ವಿನಂತಿ.

ಬಸ್ಸು ಅಂದರೆ ಬರೀ ಬಸ್ಸಲ್ಲ. ನಲವತ್ತು ಅಡಿ ಉದ್ದ. ಒಳಗೆ ಎರಡು ಮಂಚ, ಅಡುಗೆಮನೆ, ಕಮೋಡು, ಏಸಿ, ಮುಂಭಾಗದಲ್ಲಿ ಅಧಿಕಾರಿಯ ಮೇಜು. ಜನ ಕಚೇರಿಗೆ ಅಲೆಯಬಾರದು, ಕಚೇರಿಯೇ ಜನರ ಹತ್ತಿರ ಹೋಗಿ ಮಲಗಬೇಕು ಎಂಬುದು ಯೋಜನೆಯ ಉದ್ದೇಶ. ಈ ಬಸ್ಸು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಲ್ಲುತ್ತದೆ. ನಿಂತ ಕಡೆ ಗುಂಡಿ ಒತ್ತಿದರೆ ಗಾಳಿಯನ್ನು ಆ ಚೀಲಕ್ಕಿಷ್ಟು ಈ ಚೀಲಕ್ಕಿಷ್ಟು ಹಂಚಿ ತಾನೇ ಮಟ್ಟ ಮಾಡಿಕೊಳ್ಳುತ್ತದೆ, ಡ್ರೈವರ್ ಮುಂದೆ ಹಸಿರು ದೀಪ ಹತ್ತುತ್ತದೆ. ನಗರಗೆರೆಯಲ್ಲಿ ಹತ್ತಿತ್ತು. ಕೆಂಚಾರ್ಲಹಳ್ಳಿಯಲ್ಲೂ ಹತ್ತಿತ್ತು.

ಜಂಗಮಕೋಟೆಯಲ್ಲಿ ನಮ್ಮ ವಿಶೇಷಾಧಿಕಾರಿ ಮುರಳಿಮೋಹನ್ ಸಾಹೇಬರು ಹೊಂಗೆ ಮರದ ನೆರಳು ಆರಿಸಿಕೊಂಡರು. ಪಕ್ಕದಲ್ಲೇ ಅಶ್ವತ್ಥಮ್ಮನವರ ರೇಷ್ಮೆಹುಳದ ಮನೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಬಸ್ಸಿನ ಬಲಗಡೆ ಪೂರ್ತಿ ಕುಸಿದು, ಹುಳದ ಮನೆಯ ಬಾಗಿಲಿಗೆ ಒರಗಿಕೊಂಡಿತ್ತು. ಬಾಗಿಲು ಹೊರಕ್ಕೆ ತೆಗೆಯುವಂಥದ್ದು. ಒಳಗೆ ಅಶ್ವತ್ಥಮ್ಮನವರ ಹುಳ, ಹೊರಗೆ ಅಶ್ವತ್ಥಮ್ಮ.

"ಸಾರ್, ಹುಳ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದವೆ. ಇನ್ನೊಂದು ವಾರ ಸೊಪ್ಪು ಸೊಪ್ಪು ಅಂತಾವೆ. ಒಂದು ಹೊತ್ತು ತಪ್ಪಿದ್ರೂ ಬೆಳೆ ಹೋಯ್ತು. ನಿಮ್ ಬಸ್ಸು ಒಂದು ಗಜ ಆಚೆ ತೆಗೀರಿ ಸಾರ್."

"ಅರ್ಜಿ ಕೊಡಿ ಅಮ್ಮ," ಎಂದರು ಸಾಹೇಬರು.

ಆಯಮ್ಮ ನನ್ನ ಹತ್ತಿರವೇ ಬರೆಸಿಕೊಂಡು, ಹೆಬ್ಬೆಟ್ಟು ಅಲ್ಲ, ದುಂಡಗೆ ಸಹಿ ಹಾಕಿ ಕೊಟ್ಟರು. ಸಾಹೇಬರು ಕೈ ಚಾಚಿದವರು ಅರ್ಧಕ್ಕೇ ನಿಲ್ಲಿಸಿದರು. ಡ್ರೈವರ್ ಮುಂದೆ ಹಸಿರಿನ ಬದಲು ಕೆಂಪು ದೀಪ ಉರಿಯುತ್ತಿತ್ತು. ನಿಯಮ ಹದಿನಾಲ್ಕು (ಬಿ) ಪ್ರಕಾರ ವಾಹನ ಸಮತಟ್ಟಾಗಿ ಹಸಿರು ದೀಪ ಹತ್ತಿದ ನಂತರವೇ ಅರ್ಜಿ ಸ್ವೀಕರಿಸತಕ್ಕದ್ದು. ಓರೆ ಮೇಜಿನ ಮೇಲಿಟ್ಟ ಅರ್ಜಿ ಜಾರಿ ಬೇರೆಯವರ ಕಡತ ಸೇರುವ ಸಂಭವವಿದೆ.

"ಹಂಗಾದ್ರೆ ಬಸ್ಸು ನೆಟ್ಟಗೆ ಮಾಡಿ."

"ಅದಕ್ಕೂ ಅರ್ಜಿ ಬೇಕಾಗುತ್ತಮ್ಮ."

ಡ್ರೈವರ್ ವೆಂಕಟರವಣಪ್ಪ ಇಂಜಿನ್ ಚಾಲೂ ಮಾಡಿ ಅರ್ಧ ಗಂಟೆ ಕೂತ. ಗಾಳಿಯ ಮುಳ್ಳು ಅರ್ಧದವರೆಗೆ ಏರುತ್ತಿತ್ತು, ಮತ್ತೆ ಇಳಿಯುತ್ತಿತ್ತು. "ಏಮ್ ಚೇಸೇದಿ ಸಾರ್, ಏನ್ ಮಾಡೋದು, ಗಾಳಿ ತುಂಬಲಿಲ್ಲ ಅಂದ್ರೆ ಬ್ರೇಕು ಚಕ್ರ ಬಿಡಲ್ಲ. ದೊಡ್ಡ ಗಾಡಿಗಳೆಲ್ಲ ಹಂಗೇ. ನೂರು ಜನ ತಳ್ಳಿದ್ರೂ ಕದಲಲ್ಲ," ಎಂದ. ಸರ್ಕಾರಿ ಗಾಡಿ ನೂರು ಜನಕ್ಕೂ ಕದಲದಷ್ಟು ಗಟ್ಟಿಯಾಗಿದೆ ಎಂದು ಸಾಹೇಬರು ದಿನಚರಿಯಲ್ಲಿ ಬರೆಸಿದರು.

ಶಿಡ್ಲಘಟ್ಟದಿಂದ ಲಾರಿ ಮೆಕ್ಯಾನಿಕ್ ಖಲೀಮುಲ್ಲಾ ಸಾಹೇಬರನ್ನು ಅಶ್ವತ್ಥಮ್ಮನೇ ಕರೆಸಿದರು. ಅವರು ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿ, ಬಸ್ಸಿನ ಕೆಳಗೆ ತೂರಿ, ಪೈಪುಗಳಿಗೆಲ್ಲ ಬಳಿದರು. ಹಿಂದಿನ ಬಲ ಚೀಲದ ಪೈಪಿನಲ್ಲಿ ನೊರೆ ಗುಳ್ಳೆ ಗುಳ್ಳೆಯಾಗಿ ಎದ್ದಿತು. "ಫಾಜಿಲ್ ಭಾಯ್, ಪೈಪು ಚಾಸಿಗೆ ಉಜ್ಜಿ ಉಜ್ಜಿ ಸವೆದಿದೆ. ಹೆಬ್ಬೆರಳುದ್ದ ಕತ್ತರಿಸಿ ಜೋಡಿಸಿದ್ರೆ ಆಯ್ತು. ಹತ್ತು ನಿಮಿಷ," ಅಂದರು.

ವಾರಂಟಿ ಇರುವ ವಾಹನದ ಪೈಪನ್ನು ಕಂಪನಿಯ ಇಂಜಿನಿಯರ್ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಇಂಜಿನಿಯರ್ ಬರಬೇಕಾದರೆ ಸೋರಿಕೆ ರುಜುವಾತಾಗಬೇಕು. ಆದ್ದರಿಂದ ಗುಳ್ಳೆಗಳ ಮಹಜರು ನಡೆಸಲಾಯಿತು. ಐವರು ಪಂಚರು ಒಬ್ಬೊಬ್ಬರಾಗಿ ಬಸ್ಸಿನ ಕೆಳಗೆ ಮಲಗಿ ಗುಳ್ಳೆ ನೋಡಿ ಬಂದು ಸಹಿ ಮಾಡಬೇಕು. ಇಬ್ಬರು ಸಹಿ ಮಾಡುವಷ್ಟರಲ್ಲಿ ಗುಳ್ಳೆ ಒಡೆಯಿತು. ಮೂರನೆಯವರು ನೋಡಿದ್ದು ಬೇರೆ ಗುಳ್ಳೆ. ಒಂದೇ ಗುಳ್ಳೆಗೆ ಐದು ಸಹಿ ಇಲ್ಲದ ಕಾರಣ ಸೋರಿಕೆ ಸಾಬೀತಾಗಿಲ್ಲ ಎಂದು ತೀರ್ಮಾನವಾಯಿತು. ಖಲೀಮುಲ್ಲಾ ಸಾಹೇಬರು ಮೈಮೇಲಿನ ನೊರೆ ಒರೆಸಿಕೊಳ್ಳುತ್ತಾ, "ಯಾ ಅಲ್ಲಾ, ಲಾರಿಯವರೇ ವಾಸಿ," ಎಂದು ಹೊರಟುಹೋದರು.

ಹುಳಕ್ಕೆ ಇದ್ಯಾವುದೂ ಗೊತ್ತಿಲ್ಲ, ಅವಕ್ಕೆ ಹಸಿವು. ಹುಳದ ಮನೆಯ ಕಟ್ಟೆ ಎತ್ತರ, ಹಾಗಾಗಿ ಅದರ ಕಿಟಕಿಯೂ ಬಸ್ಸಿನ ಕಿಟಕಿಯೂ ಎದುರುಬದುರು ಬಂದಿದ್ದವು. ಅಶ್ವತ್ಥಮ್ಮ ಕೇಳಲಿಲ್ಲ ಮಾಡಲಿಲ್ಲ, ಸೊಪ್ಪಿನ ಹೊರೆ ಹೊತ್ತು ಬಸ್ಸು ಹತ್ತಿದರು. ಸಾಹೇಬರ ಮೇಜು ದಾಟಿ, ಕಿಟಕಿಯಿಂದ ಕಿಟಕಿಗೆ ಸೊಪ್ಪು ದಾಟಿಸಿ, ಹಿಂದೆಯೇ ತಾವೂ ನುಸುಳಿದರು. ಕಚೇರಿಯೊಳಗೆ ಬಂದವರು ಸಂದರ್ಶಕರ ಪುಸ್ತಕದಲ್ಲಿ ಬರೆಯಲೇಬೇಕು. ದಿನಕ್ಕೆ ನಾಲ್ಕು ಸಲ ನಾನೇ ಬರೆದೆ. ಹೆಸರು, ಅಶ್ವತ್ಥಮ್ಮ. ಭೇಟಿಯ ಉದ್ದೇಶ, ಸೊಪ್ಪು. ಫಲಿತಾಂಶ, ತಿಂದವು.

ಇಷ್ಟರಲ್ಲಿ ಮೇಲಿನಿಂದ ಪತ್ರ ಬಂತು. ವಾಹನ ಸಮತಟ್ಟಾಗಿರುವುದು ಈಗಾಗಲೇ ದೃಢಪಟ್ಟಿರುವುದರಿಂದ ನೆಲವನ್ನು ಪರಿಶೀಲಿಸತಕ್ಕದ್ದು. ಮಟ್ಟ ಪರಿವೀಕ್ಷಕಿ ಶೋಭಾರಾಣಿ ಮೇಡಂ ಚಿಕ್ಕಬಳ್ಳಾಪುರದಿಂದ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ರಸಮಟ್ಟ ತಂದು ಊರೆಲ್ಲ ಅಳೆದರು. ರಸ್ತೆ, ಹಾಲಿನ ಡೇರಿ, ಶಾಲೆಯ ಜಗುಲಿ, ಎಲ್ಲ ಕಡೆ ಒಂದಿಷ್ಟು ಹೆಚ್ಚುಕಮ್ಮಿ. ಕಿಟಕಿಯಿಂದ ನುಸುಳಿ ಹುಳದ ಮನೆಯ ನೆಲದ ಮೇಲೆ ಇಟ್ಟಾಗ ಮಾತ್ರ ಗುಳ್ಳೆ ನಟ್ಟನಡುವೆ ನಿಂತಿತು.

"ಯಾರಮ್ಮ ಹಾಕಿದ್ದು ಈ ನೆಲ?"

"ನಮ್ಮ ಗಾರೆ ನಲ್ಲಪ್ಪ. ಓದು ಬರಹ ಇಲ್ಲ, ಪಾಪ. ಅದಕ್ಕೇ ನೆಟ್ಟಗೈತೆ."

ಜಂಗಮಕೋಟೆ ಓರೆಯಾಗಿದೆ, ಹುಳದ ಮನೆ ಒಂದನ್ನು ಹೊರತುಪಡಿಸಿ ಎಂದು ವರದಿಯಾಯಿತು. ಊರಿನವರಿಗೆ ಬೇಸರವೇನೂ ಆಗಲಿಲ್ಲ. ಡೇರಿಯಲ್ಲಿ ಹಾಲು ಅಳತೆ ಕಮ್ಮಿ ಬಂದವರೆಲ್ಲ ಆ ವರದಿಯ ನಕಲು ಕೇಳಿದರು.

ಎಂಟನೇ ದಿನ ಹುಳ ಹಣ್ಣಾದವು. ಮೈ ಹೊಳಪಾಗಿ, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕತೊಡಗಿದವು. ಅವನ್ನು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಬಿಡದಿದ್ದರೆ ಕಸದಲ್ಲೇ ನೂಲು ಸುತ್ತಿಕೊಂಡು ಎಲ್ಲಾ ಹಾಳು. ಚಂದ್ರಿಕೆ ಆಳೆತ್ತರದ ತಟ್ಟೆ, ಬಸ್ಸಿನ ಬಾಗಿಲಲ್ಲಿ ಓರೆ ಮಾಡಿ ನುಗ್ಗಿಸಬಹುದು, ಕಿಟಕಿಯಲ್ಲಿ ಆಗದು. ಅಶ್ವತ್ಥಮ್ಮ ಮೊದಲ ಸಲ ಬಸ್ಸಿನ ನಡುವೆ ಕುಕ್ಕರಿಸಿ ಕೂತು ಅತ್ತುಬಿಟ್ಟರು. ನಾನು ಸಂದರ್ಶಕರ ಪುಸ್ತಕ ತೆರೆದೆ. ಇದನ್ನು ನಮೂದಿಸಲು ಪುಸ್ತಕದಲ್ಲಿ ಕಾಲಂ ಇಲ್ಲ.

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದರು. "ಚಂದ್ರಿಕೆ ಒಳಕ್ಕೆ ಹೋಗಲ್ಲ ಅಂದ್ರೆ ಬೇಡ ಬಿಡು. ಹುಳಾನೇ ಈಚೆ ಬರ್ತಾವೆ. ಏಯ್ ವೆಂಕಟರವಣಪ್ಪ, ಆ ಏಸಿ ಇಪ್ಪತ್ತೈದಕ್ಕೆ ಇಡಪ್ಪ. ಸಾರ್, ನೀವು ಸ್ವಲ್ಪ ಎದ್ದೇಳಿ."

ಸಾಹೇಬರು ಎದ್ದರು. ಎದ್ದಮೇಲೆ ಎಲ್ಲಿ ಕೂರುವುದು ಎಂಬ ಪ್ರಶ್ನೆ ಬಂತು. ನಿಯಮ ಸಮತಟ್ಟಾದ ಸ್ಥಳ ಕೇಳುತ್ತದೆ, ವರದಿಯ ಪ್ರಕಾರ ಇಡೀ ಊರಿನಲ್ಲಿ ಅಂಥದ್ದು ಒಂದೇ ಇದೆ. ಮಧ್ಯಾಹ್ನದ ಹೊತ್ತಿಗೆ ತಟ್ಟೆ ತಟ್ಟೆ ಹುಳ ಕಿಟಕಿಯಿಂದ ಈಚೆ ಬಂದವು, ಅದೇ ಕಿಟಕಿಯಿಂದ ಮಡಚುವ ಮೇಜು, ಕಡತ, ಸೀಲು, ಕೊನೆಗೆ ಸಾಹೇಬರು ಆಚೆ ಹೋದರು. ಅವರ ಸೊಂಟವನ್ನು ದಾಟಿಸಲು ಇಬ್ಬರು ಬೇಕಾದರು.

ಅಲ್ಲಿಂದ ಐದನೇ ದಿನಕ್ಕೆ ಎರಡು ಮಂಚ, ಅಡುಗೆಮನೆ, ಕಮೋಡಿನ ಮುಚ್ಚಳ, ಎಲ್ಲೆಲ್ಲೂ ಚಂದ್ರಿಕೆ, ಚಂದ್ರಿಕೆ ತುಂಬ ಬೆಳ್ಳಗೆ ಗೂಡು. ಬಸ್ಸು ವಾಲಿದ್ದರ ಬಗ್ಗೆ ಹುಳಗಳು ಯಾವುದೇ ತಕರಾರು ಸಲ್ಲಿಸಿಲ್ಲ. ಅಂಥ ಗೂಡು ತಮ್ಮ ಜನ್ಮದಲ್ಲೇ ಕಂಡಿರಲಿಲ್ಲ ಎಂದು ಅಶ್ವತ್ಥಮ್ಮ ಮೊಟ್ಟಮೊದಲ ಬಾರಿಗೆ ನಕ್ಕರು.

ಕಂಪನಿಯ ಇಂಜಿನಿಯರ್ ಆಮೇಲೆ ಮಾಮೂಲು ತಪಾಸಣೆಗೆಂದು ಬಂದರು. ಕೆಳಗೆ ಬಗ್ಗಿ ನೋಡಿ, "ಹತ್ತು ನಿಮಿಷದ ಕೆಲಸ," ಎಂದರು. "ಮುಟ್ಟಬೇಡಿ!" ಎಂದು ಒಳಗಿನಿಂದ ಸಾಹೇಬರೂ ಹೊರಗಿನಿಂದ ಅಶ್ವತ್ಥಮ್ಮನೂ ಒಟ್ಟಿಗೆ ಕೂಗಿದರು. ಬಸ್ಸು ಎದ್ದರೆ ಸಾಹೇಬರ ಕಚೇರಿಗೆ ಬಾಗಿಲು ಬರುತ್ತದೆ, ಬಾಗಿಲು ಬಂದರೆ ಜನ ಬರುತ್ತಾರೆ. ಬಸ್ಸು ಹೊರಟರೆ ಅಶ್ವತ್ಥಮ್ಮನಿಗೆ ಏಸಿ ಹೋಗುತ್ತದೆ. ಈಗ ತಿಂಗಳಿಗೊಮ್ಮೆ ಖಲೀಮುಲ್ಲಾ ಸಾಹೇಬರು ಸೋಪಿನ ನೀರು ಬಳಿದು, ಸೋರಿಕೆ ಸುಸ್ಥಿತಿಯಲ್ಲಿದೆ ಎಂದು ಬರೆದುಕೊಡುತ್ತಾರೆ.

ಅಶ್ವತ್ಥಮ್ಮನವರ ಅರ್ಜಿಯನ್ನು ಕ್ರಮಬದ್ಧವಾಗಿ ಸ್ವೀಕರಿಸಿ ವಿಲೇವಾರಿ ಮಾಡಲಾಗಿದೆ. ಹುಳದ ಮನೆಯ ಮುಂದೆ ಬಸ್ಸು ನಿಂತಿದೆ ಎಂಬುದು ದೂರು. ಸದರಿ ಮನೆಯಲ್ಲಿ ಈಗ ಇರುವುದು ಕಚೇರಿ, ಅದರ ಮುಂದೆ ನಿಂತಿರುವ ಬಸ್ಸೇ ಹುಳದ ಮನೆ, ಆದ್ದರಿಂದ ದೂರು ಉದ್ಭವಿಸುವುದಿಲ್ಲ.

ಮೊನ್ನೆ ಅವರು ಹೊಸ ಅರ್ಜಿ ತಂದರು. ತಮ್ಮ ಹುಳದ ಮನೆಗೆ ಒತ್ತಿಕೊಂಡು ಯಾವುದೋ ಕಚೇರಿ ಇದೆ, ಅಲ್ಲಿನ ಗೊರಕೆಗೆ ಹುಳ ಬೆಚ್ಚುತ್ತವೆ, ತೆಗೆಸಿಕೊಡಿ. ಅರ್ಜಿಯನ್ನು ಸ್ವೀಕರಿಸಿ ಸಾಹೇಬರ ಮೇಜಿನ ಮೇಲೆ ಇಡಲಾಗಿದೆ. ಮೇಜು ಪೂರ್ತಿ ಸಮತಟ್ಟಾಗಿರುವುದರಿಂದ ಅದು ಆ ಕಡೆಗೂ ಜಾರಿಲ್ಲ, ಈ ಕಡೆಗೂ ಜಾರಿಲ್ಲ. ಇಟ್ಟಲ್ಲೇ ಇದೆ.